ಅಡಿಕೆ ಗುಂಪಿನಲ್ಲಿ ಊರ ಹರಟೆ: ಅಡ್ಮಿನ್ ಆದವರಿಗೊಂದು ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ಐದೂವರೆಗೆ ಮೊದಲ 'ಶುಭೋದಯ' ಬರುತ್ತದೆ. ಸೂರ್ಯ, ಗುಲಾಬಿ, ಕೆಳಗೊಂದು ಬುದ್ಧಿಮಾತು. ಆರು ಗಂಟೆಯೊಳಗೆ ಅಂಥವು ಹದಿನೇಳು. ಅವುಗಳ ನಡುವೆ ಹೊಳಲ್ಕೆರೆ ಕಡೆಯ ಒಬ್ಬರು ಒಂದು ಫೋಟೋ ಹಾಕಿರುತ್ತಾರೆ. ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುತ್ತಿದೆ, ಏನು ಮಾಡಲಿ ಅಂತ. ಸಂಜೆವರೆಗೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮರುದಿನ ಅವರು ಮತ್ತೆ ಕೇಳುವುದೂ ಇಲ್ಲ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ಮತ್ತು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಎರಡೂ ಕಡೆಯ ಅಡಿಕೆ ಬೆಳೆಗಾರರ ಒಂದು ವಾಟ್ಸಾಪ್ ಗುಂಪನ್ನು ನಾನು ನೋಡಿಕೊಳ್ಳುತ್ತೇನೆ. ಆರುನೂರ ಚಿಲ್ಲರೆ ಜನ. ಅಡ್ಮಿನ್ ಆಗೋದು ಅಂದ್ರೆ ಏನು ಅಂತ ತುಂಬ ಜನ ಕೇಳುತ್ತಾರೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ಕೆಲಸ ನನಗೆ ಹೊಸದೇನಲ್ಲ. 2000ದ ಆಸುಪಾಸಿನಲ್ಲಿ, ದಾವಣಗೆರೆಯಲ್ಲಿ ಓದಿ ಬೆಂಗಳೂರು, ಪುಣೆ, ಅಮೆರಿಕ ಅಂತ ಚದುರಿ ಹೋದ ಗೆಳೆಯರನ್ನೆಲ್ಲ ಸೇರಿಸಿ ಒಂದು ಇ-ಮೇಲ್ ಪಟ್ಟಿ ನಡೆಸುತ್ತಿದ್ದೆ. ಒಬ್ಬರು ಬರೆದರೆ ಎಲ್ಲರಿಗೂ ಹೋಗುವಂಥದ್ದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಕುಟ್ಟುವ ಕಾಲ ಅದು. ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಕೂತರೆ, ಒಂದೊಂದು ಮೇಲ್ ತೆರೆಯೋಕೂ ನಿಮಿಷ ಹಿಡಿಯುತ್ತಿತ್ತು, ಬಂದ ಎಂಬತ್ತರಲ್ಲಿ ಅರವತ್ತು ಜೋಕೇ ಇರುತ್ತಿದ್ದವು. ದುಡ್ಡು ಕೊಟ್ಟು ಹಳೇ ಜೋಕು ಓದೋದು ಅಂದ್ರೆ ಹೊಟ್ಟೆ ಉರಿಯುತ್ತಿತ್ತು. ಆ ಪಟ್ಟಿಯಲ್ಲಿ ಮಾಡಿದ ತಪ್ಪುಗಳೇ ಈಗ ಅಡಿಕೆ ಗುಂಪಿನಲ್ಲಿ ಉಪಯೋಗಕ್ಕೆ ಬರುತ್ತಿವೆ.

ಮೊದಲ ಹೆಜ್ಜೆ: ಗುಂಪು ಯಾವುದಕ್ಕೆ ಅಂತ ಬರೆದಿಡಿ

'ಅಡಿಕೆ ಬೆಳೆಗಾರರ ಬಳಗ' ಅಂತ ಹೆಸರಿಟ್ಟರೆ ಸಾಕು, ಜನಕ್ಕೆ ಅರ್ಥವಾಗುತ್ತೆ ಅಂದುಕೊಳ್ಳಬೇಡಿ. ಆಗಲ್ಲ. ಬಳಗ ಅಂದ ಮೇಲೆ ಮದುವೆ ಕರೆಯೋಲೆಯೂ ಬರುತ್ತದೆ. ಗುಂಪಿನ ವಿವರಣೆಯಲ್ಲಿ ಏನು ಹಾಕಬಹುದು ಅಂತ ಮೂರು ಸಾಲು ಬರೆಯಿರಿ. ನಮ್ಮದು ಹೀಗಿದೆ: "ಅಡಿಕೆ ಗಿಡದ ರೋಗ, ಗೊಬ್ಬರ, ನೀರು. ಕೊಯ್ಲು, ಬೇಯಿಸೋದು, ಒಣಗಿಸೋದು, ಚೇಣಿ (ಫಸಲನ್ನು ಗುತ್ತಿಗೆಗೆ ಕೊಡೋದು). ಮಾರುಕಟ್ಟೆ ದರ, ತಾರೀಖಿನ ಸಮೇತ." ಬೇಡದ್ದರ ಪಟ್ಟಿ ಮಾಡೋಕೆ ಹೋಗಬೇಡಿ. ಅದು ಮುಗಿಯೋದೇ ಇಲ್ಲ. ನೀವು ಹತ್ತು ಬರೆದರೆ ಹನ್ನೊಂದನೆಯದನ್ನು ತಂದು "ಇದು ಬೇಡ ಅಂತ ಎಲ್ಲಿ ಹೇಳಿದ್ದೀರಿ ಸಾರ್" ಅನ್ನುವವರು ಒಬ್ಬರಾದರೂ ಇರುತ್ತಾರೆ.

ಕಷ್ಟ ಇರೋದು ಗಡಿಯ ಮೇಲೆ ನಿಂತ ವಿಷಯಗಳಲ್ಲಿ. ನಮ್ಮ ಕಡೆ ಅದಕ್ಕೆ ಒಳ್ಳೇ ಉದಾಹರಣೆ ಭದ್ರಾ ನೀರು. ನೀರಿಲ್ಲದೆ ತೋಟ ಇಲ್ಲ, ಹಾಗಾಗಿ ಅದು ವಿಷಯದ ಒಳಗೇ ಇದೆ. ಆದರೆ ದಾವಣಗೆರೆ ಕಡೆಯವರು ಭದ್ರಾ ನಾಲೆಯ ಅಚ್ಚುಕಟ್ಟಿನವರು. ಚಿತ್ರದುರ್ಗದ ಕಡೆಯವರು ಭದ್ರಾ ಮೇಲ್ದಂಡೆ ಯೋಜನೆಗೆ ವರ್ಷಗಟ್ಟಲೆ ಕಾಯುತ್ತಿರುವವರು. ಎರಡೂ ಕಡೆಯವರು ಒಂದೇ ಗುಂಪಿನಲ್ಲಿದ್ದರೆ 'ನೀರು' ಅನ್ನೋ ಪದ ಸಾಕು. ಅರ್ಧ ಗಂಟೆಯಲ್ಲಿ ಶಾಸಕರು, ಸಂಸದರು, ಜಾತಿ, ಎಲ್ಲ ಬಂದು ಕೂರುತ್ತವೆ. ನಾವು ಗೆರೆ ಎಳೆದಿದ್ದು ಹೀಗೆ: ನಾಲೆಗೆ ನೀರು ಯಾವತ್ತು ಬಿಡ್ತಾರೆ, ಎಷ್ಟು ದಿನ, ನಿಮ್ಮ ತೂಬಿಗೆ ಬಂತಾ ಇಲ್ವಾ, ಇಷ್ಟು ಗುಂಪಿಗೆ. ಯಾರ ನೀರು ಯಾರು ಕುಡಿದರು ಅನ್ನೋದು ಗುಂಪಿಗೆ ಬೇಡ. ಅದು ದೊಡ್ಡ ವಿಷಯ ಅಲ್ಲ ಅಂತಲ್ಲ. ಆರುನೂರು ಜನ ಫೋನಿನಲ್ಲಿ ಕುಟ್ಟಿ ಅದು ತೀರ್ಮಾನ ಆಗಲ್ಲ, ಅಷ್ಟೇ.

ನಿಮ್ಮ ಗುಂಪಿನಲ್ಲೂ ಇಂಥದ್ದೊಂದು 'ನೀರು' ಇದ್ದೇ ಇರುತ್ತದೆ. ದಾಳಿಂಬೆ ಗುಂಪಾದರೆ ಬೇರೆ, ಶಾಲೆಯ ಪೋಷಕರ ಗುಂಪಾದರೆ ಬೇರೆ. ಮೊದಲ ಜಗಳಕ್ಕೆ ಮುಂಚೆ ಅದನ್ನು ಹುಡುಕಿಕೊಂಡು ಗೆರೆ ಎಳೆಯಿರಿ. ಜಗಳ ಆದಮೇಲೆ ಎಳೆದರೆ, ಯಾವ ಗೆರೆಯೂ ಒಂದು ಕಡೆಯವರ ಪರವಾಗಿಯೇ ಕಾಣುತ್ತದೆ.

ಎರಡು: ಬಾಗಿಲಲ್ಲಿ ನಿಂತುಕೊಳ್ಳಿ

ಇದು ಚಿಕ್ಕ ಕೆಲಸ. ಗುಂಪಿನ ಸೆಟ್ಟಿಂಗ್ಸ್‌ಗೆ ಹೋಗಿ, ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲೇ ಒಳಗೆ ಬಿಡುವ ಆಯ್ಕೆ ಹಾಕಿ. ಸೇರಿಸುವ ಅಧಿಕಾರವೂ ಅಡ್ಮಿನ್‌ಗಳಿಗೆ ಮಾತ್ರ ಇರಲಿ. ಬಂದವರಿಗೆ ಒಂದೇ ಪ್ರಶ್ನೆ: ಯಾವ ಊರು, ಎಷ್ಟು ಗಿಡ? ಗೊಬ್ಬರದ ಅಂಗಡಿಯವರಾದರೆ ಹಾಗಂತ ಹೇಳಲಿ, ಬೇಡ ಅನ್ನಲ್ಲ. ಒಂದು ಗುಂಪಿಗೆ 1024 ಜನ ಹಿಡಿಸುತ್ತಾರೆ ಅಂತ ತುಂಬಿಸಲು ಹೋಗಬೇಡಿ. ಆರುನೂರೇ ನನಗೆ ಜಾಸ್ತಿ ಅನ್ನಿಸುತ್ತದೆ.

ಗುಂಪಿನಲ್ಲಿ ಎಲ್ಲರ ಫೋನ್ ನಂಬರೂ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಹಾಕಿದರೆ ತಕ್ಷಣ ಅಳಿಸಿ, ಆಮೇಲೆ ವಿವರಿಸಿ. ಯಾರದೇ ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ 2022ರಿಂದ ಅಡ್ಮಿನ್‌ಗೆ ಇದೆ.

ಮೂರು: ಹರಟೆಗೆ ಒಂದು ಕಟ್ಟೆ ಕಟ್ಟಿಕೊಡಿ

ಇಡೀ ಬರಹದಲ್ಲಿ ನನಗೆ ಮುಖ್ಯವಾದದ್ದು ಇದೇ. ಹರಟೆಯನ್ನು ನಿಲ್ಲಿಸೋಕೆ ಆಗಲ್ಲ. ಅದಕ್ಕೆ ಕೂರೋಕೆ ಜಾಗ ಬೇಕು. ಊರಲ್ಲಿ ಸೊಸೈಟಿಗೆ ಗೊಬ್ಬರ ತರೋಕೆ ಹೋದವರು ಒಳಗೆ ಕೆಲಸ ಮುಗಿಸಿಕೊಂಡು ಹೊರಗೆ ಕಟ್ಟೆ ಮೇಲೆ ಕೂತು ಮಾತಾಡಲ್ವಾ? ಕಟ್ಟೆ ಇಲ್ಲದಿದ್ದರೆ ಅದೇ ಮಾತು ಕೌಂಟರಿನ ಮುಂದೆ ನಡೆಯುತ್ತದೆ, ಹಿಂದಿನವರಿಗೆ ಗೊಬ್ಬರ ಸಿಗಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. 1975ರಲ್ಲಿ, ಇಂಟರ್‌ನೆಟ್‌ಗೂ ಮುಂಚಿನ ಕಂಪ್ಯೂಟರ್ ಜಾಲವಾದ ಅಮೆರಿಕದ ಅರ್ಪಾನೆಟ್‌ನಲ್ಲಿ, ಎಂಎಸ್‌ಜಿಗ್ರೂಪ್ ಅಂತ ಒಂದು ಇ-ಮೇಲ್ ಪಟ್ಟಿ ಶುರುವಾಯಿತು. ಇ-ಮೇಲ್ ಹೇಗಿರಬೇಕು ಅಂತ ಚರ್ಚೆ ಮಾಡೋಕೇ ಇದ್ದ ಪಟ್ಟಿ. ಅದನ್ನು ನೋಡಿಕೊಂಡವರು ಐನಾರ್ ಸ್ಟೆಫರುಡ್ ಅನ್ನುವವರು. ಸಂದೇಶದ ತಲೆಬರಹದ ಸಾಲುಗಳು ಹೇಗಿರಬೇಕು ಅನ್ನುವ ಚರ್ಚೆಗೆ 'ಹೆಡರ್-ಪೀಪಲ್' ಅಂತ ಬೇರೆಯೇ ಪಟ್ಟಿ ಹುಟ್ಟಿಕೊಂಡಿತು. ಜಗಳ ಆಡೋರಿಗೆ ಬೇರೆ ಅಂಗಳ. ಐವತ್ತು ವರ್ಷದ ಹಿಂದಿನ ಉಪಾಯ, ಈಗಲೂ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಇ-ಮೇಲ್ ಪಟ್ಟಿಗಳಲ್ಲಿ ಇನ್ನೊಂದು ಅನುಕೂಲ ಇತ್ತು. ಪ್ರತಿ ಮೇಲ್‌ಗೂ ವಿಷಯದ ಸಾಲು ಇರುತ್ತಿತ್ತು. ಅಲ್ಲಿ ಮೊದಲಿಗೆ 'ಓಟಿ' ಅಂತ ಹಾಕಿದರೆ ಇದು ವಿಷಯ ಬಿಟ್ಟ ಮಾತು ಅಂತ ಅರ್ಥ. ಬೇಡದವರು ತೆರೆಯದೇ ಮುಂದೆ ಹೋಗುತ್ತಿದ್ದರು. ವಾಟ್ಸಾಪಿನಲ್ಲಿ ಆ ಸಾಲೇ ಇಲ್ಲ. ಎಲ್ಲ ಒಂದೇ ನಾಲೆಯಲ್ಲಿ ಹರಿಯುತ್ತದೆ. ಗುರುತು ಹಾಕಿ ಬೇರೆ ಮಾಡೋಕೆ ಆಗಲ್ಲ ಅಂದ ಮೇಲೆ ಜಾಗವನ್ನೇ ಬೇರೆ ಮಾಡಬೇಕು. ಕಮ್ಯುನಿಟಿ ಅನ್ನುವ ಸೌಲಭ್ಯ 2022ರ ನವೆಂಬರ್‌ನಿಂದ ಇದೆ. ಒಂದೇ ಸೂರಿನಡಿ ಹಲವು ಗುಂಪು. ಅದನ್ನು ಮಾಡಿಕೊಂಡು ಒಂದು ಗುಂಪು ತೋಟಕ್ಕೆ, ಒಂದು ಹರಟೆಗೆ ಇಡಿ.

ಈಗ ನನ್ನ ಪೆದ್ದುತನ ಕೇಳಿ. ಮೊದಲ ಸಲ ಹರಟೆ ಗುಂಪಿಗೆ 'ಇತರೆ' ಅಂತ ಹೆಸರಿಟ್ಟಿದ್ದೆ. ತಾಲೂಕು ಕಚೇರಿ ಫೈಲಿನ ಹಾಗೆ. ನಾಲ್ಕು ಜನ ಸೇರಿದರು, ಅದರಲ್ಲಿ ಇಬ್ಬರು ನನ್ನ ತಮ್ಮಂದಿರು. ಹರಟೆ ಹೊಡೆಯೋರನ್ನು ಅಲ್ಲಿಗೆ ಕಳಿಸಿದರೆ ಶಿಕ್ಷೆ ಕೊಟ್ಟಂತೆ ಆಗುತ್ತಿತ್ತು. ಆಮೇಲೆ ಹೆಸರು ಬದಲಿಸಿ 'ಮಂಡಕ್ಕಿ ಮಿರ್ಚಿ' ಅಂತ ಇಟ್ಟೆವು. ಮೊದಲ ಪ್ರಶ್ನೆ ನಾನೇ ಹಾಕಿದೆ: ಬೆಣ್ಣೆ ದೋಸೆಗೆ ಸೌದೆ ಒಲೆಯೇ ಬೇಕಾ, ಗ್ಯಾಸ್ ಆದರೂ ನಡೆಯುತ್ತಾ? ರಾತ್ರಿ ಹನ್ನೊಂದಕ್ಕೂ ಮುಗಿಯಲಿಲ್ಲ. ವಾಣಿ ವಿಲಾಸ ಸಾಗರ ಕೋಡಿ ಬಿದ್ದ ವೀಡಿಯೋಗಳು, ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು, ಎಲ್ಲ ಈಗ ಅಲ್ಲೇ. ಅಂದಹಾಗೆ ಮಾರಿಕಣಿವೆ, ಅಂದ್ರೆ ಅದೇ ವಾಣಿ ವಿಲಾಸ ಸಾಗರದ ವಿಷಯದಲ್ಲಿ ನಾನು ಯಾರಿಗೂ ಸುಮ್ನಿರಿ ಅನ್ನಲ್ಲ. 1933ರಲ್ಲಿ ತುಂಬಿದ ಕೆರೆ ಮತ್ತೆ ತುಂಬಿದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದವರು ಹತ್ತು ವೀಡಿಯೋ ಹಾಕಿದರೆ ಹಾಕಲಿ ಬಿಡಿ.

ಹರಟೆ ಗುಂಪಿಗೆ ಬೇರೆ ಅಡ್ಮಿನ್ ಇರಲಿ, ಮಾತು ಇಷ್ಟಪಡುವವರು. ನನ್ನಂಥ ಮುಖ ಗಂಟು ಹಾಕಿಕೊಳ್ಳುವವರು ಬೇಡ.

ಸಾವಿನ ಸುದ್ದಿ ಮಾತ್ರ ಬೇರೆ. ಗುಂಪಿನವರೇ ತೀರಿಕೊಂಡರೆ ಅದನ್ನು ಕಟ್ಟೆಗೆ ತಳ್ಳೋಕೆ ಮನಸ್ಸು ಬರಲ್ಲ, ತಳ್ಳಲೂಬಾರದು. ಆದರೆ ಒಂದು ಸುದ್ದಿಗೆ ಇನ್ನೂರು 'ಓಂ ಶಾಂತಿ' ಬಂದರೆ ಅದರ ಕೆಳಗೆ ಇಡೀ ದಿನದ ಪ್ರಶ್ನೆಗಳು ಹೂತುಹೋಗುತ್ತವೆ. ನಾವು ಮಾಡೋದು: ಅಡ್ಮಿನ್ ಒಬ್ಬರೇ ಸುದ್ದಿ, ಮಣ್ಣಿನ ಹೊತ್ತು, ಊರು ಹಾಕುತ್ತಾರೆ. ಒಂದು ಗಂಟೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪಿಗೆ ಬೀಗ. ಕೈಮುಗಿಯುವ ಚಿತ್ರವನ್ನು ಆ ಸಂದೇಶದ ಮೇಲೇ ಒತ್ತಿ ಅಂತ ಒಂದು ಸಾಲು. ಇದಕ್ಕೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ನಾಲ್ಕು: ಕೇಳೋದನ್ನು ಕಲಿಸಿ

ಗುಂಪು ಹಾದಿ ತಪ್ಪೋಕೆ ಅರ್ಧ ಕಾರಣ ಹರಟೆ ಅಲ್ಲ, ಅರ್ಧಂಬರ್ಧ ಪ್ರಶ್ನೆ. "ಗಿಡ ಹಳದಿ ಆಗಿದೆ, ಔಷಧಿ ಹೇಳಿ" ಅಂದರೆ ಹನ್ನೆರಡು ಜನ ಹನ್ನೆರಡು ಔಷಧಿ ಹೇಳುತ್ತಾರೆ, ಆಮೇಲೆ ಆ ಹನ್ನೆರಡು ಜನರ ನಡುವೆ ಪೈಪೋಟಿ. ನೀರು ಜಾಸ್ತಿ ಆಯಿತೋ, ಬೇರು ಹೋಯಿತೋ, ಗೊಬ್ಬರ ಕಡಿಮೆಯೋ, ಯಾರಿಗೆ ಗೊತ್ತು?

ಒಂದು ಮಾದರಿ ಮಾಡಿ ಗುಂಪಿನ ಮೇಲೆ ಪಿನ್ ಮಾಡಿ. 24 ಗಂಟೆ, 7 ದಿನ, 30 ದಿನ ಅಂತ ಪಿನ್‌ಗೆ ಅವಧಿ ಕೇಳುತ್ತದೆ, 30 ಒತ್ತಿ, ತಿಂಗಳಿಗೊಮ್ಮೆ ಮತ್ತೆ ಮಾಡಿ. ನಮ್ಮ ಮಾದರಿ: ಊರು. ಗಿಡದ ವಯಸ್ಸು. ನೀರು ಡ್ರಿಪ್ಪೋ, ಹಾಯಿಸೋದೋ. ಹಿಂದಿನ ತಿಂಗಳು ಏನು ಹಾಕಿದಿರಿ, ಏನು ಹೊಡೆದಿರಿ. ಎರಡು ಫೋಟೋ, ಒಂದು ದೂರದಿಂದ, ಒಂದು ಹತ್ತಿರದಿಂದ. ಬರೆಯೋಕೆ ಬರದವರು ಧ್ವನಿಯಲ್ಲಿ ಹೇಳಲಿ, ಒಂದು ನಿಮಿಷದೊಳಗೆ.

ಹೀಗೆ ಕೇಳಿದರೆ ಎಂಥ ಉತ್ತರ ಬರುತ್ತದೆ ನೋಡಿ. ಒಬ್ಬರು ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡಿದ್ದರು. ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಲೆಕ್ಕವೆಲ್ಲ ಸರಿ. ಆದರೂ ಎಳೆ ಕಾಯಿ ಸುಟ್ಟಂತಾಗಿತ್ತು. ಪ್ರಶ್ನೆಯಲ್ಲಿ ಎಲ್ಲ ವಿವರ ಇದ್ದದ್ದಕ್ಕೆ, ವರ್ಷಕ್ಕೆರಡು ಸಲ ಮಾತ್ರ ಬಾಯಿಬಿಡುವ ಹಿರಿಯರೊಬ್ಬರು ಒಂದೇ ಸಾಲು ಬರೆದರು: "ಕುಡುಗೋಲು ಉಜ್ಜಿ ಅದ್ದಿ ನೋಡಿದ್ರಾ ಯಜಮಾನ್ರೆ?" ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು. ಸುಣ್ಣ ಹಳೆಯದಾಗಿತ್ತು. ಇಂಥ ಒಂದು ಸಾಲಿಗಾಗಿಯೇ ಇಡೀ ಗುಂಪು ಇರೋದು. ಆ ಹಿರಿಯರು ದಿನಕ್ಕೆ ಇನ್ನೂರು ಸಂದೇಶ ಬಂದರೆ ಗುಂಪು ತೆರೆಯೋದೇ ಇಲ್ಲ. ಅಡ್ಮಿನ್ ಕಾಯಬೇಕಾದದ್ದು ಅವರ ತಾಳ್ಮೆಯನ್ನು.

ದರದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಒರಟು. ತಾರೀಖು, ಯಾವ ಮಾರುಕಟ್ಟೆ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಅಳಿಸುತ್ತೇನೆ. ಗರಿಷ್ಠ ದರ ಮಾತ್ರ ಹಾಕಿದರೆ ಎಲ್ಲರಿಗೂ ಅದೇ ಸಿಗುತ್ತೆ ಅನ್ನಿಸುತ್ತದೆ. ಹೋದ ವರ್ಷದ ಸ್ಕ್ರೀನ್‌ಶಾಟ್ ತಾರೀಖಿಲ್ಲದೆ ಬಂದು, "ಬಿತ್ತಂತೆ" ಅಂತ ಗಾಬರಿಯಾಗಿ ನಮ್ಮ ಸದಸ್ಯರೊಬ್ಬರು ಮನೆಯಲ್ಲಿದ್ದ ಅಡಿಕೆಯನ್ನು ಅವಸರದಲ್ಲಿ ಕೊಟ್ಟುಬಿಟ್ಟರು. ಮರುದಿನ ಮಾರುಕಟ್ಟೆ ಇದ್ದ ಹಾಗೇ ಇತ್ತು. ಆವತ್ತಿನಿಂದ ಈ ನಿಯಮದಲ್ಲಿ ದಾಕ್ಷಿಣ್ಯ ಇಲ್ಲ.

ಐದು: ತಪ್ಪಿದವರಿಗೆ ಹೇಳೋದು, ಅದೂ ಒಬ್ಬರೇ ಇದ್ದಾಗ

ಹಳೇ ಇ-ಮೇಲ್ ಪಟ್ಟಿಯ ಕಥೆ ಹೇಳುತ್ತೇನೆ. ನಮಗಿಂತ ಹದಿನೈದು ವರ್ಷ ದೊಡ್ಡವರೊಬ್ಬರು ಇದ್ದರು. ದಿನಾ ಒಂದು ವಚನ, ಅದಕ್ಕೊಂದು ಉದ್ದ ವಿವರಣೆ ಕಳಿಸುತ್ತಿದ್ದರು. ಪಟ್ಟಿ ಇದ್ದದ್ದು ಕೆಲಸ, ಮನೆ ಬಾಡಿಗೆ, ವೀಸಾ ಇಂಥ ವಿಷಯಕ್ಕೆ. ನನಗಾಗ ಇಪ್ಪತ್ತೆರಡು. ಎಲ್ಲರಿಗೂ ಹೋಗುವಂತೆ ಬರೆದುಬಿಟ್ಟೆ, "ದಯವಿಟ್ಟು ನಿಯಮ ಓದಿ" ಅಂತ, ಅದೂ ದಪ್ಪ ಅಕ್ಷರದಲ್ಲಿ. ಅವರು ಒಂದು ಮಾತೂ ಆಡದೆ ಹೊರಟರು. ಅದು ಒಂದು ಕಡೆ. ಮುಂದಿನ ತಿಂಗಳಲ್ಲಿ ಇನ್ನೂ ನಾಲ್ವರು ಹೋದರು, ಅವರು ಯಾರೂ ತಪ್ಪು ಮಾಡಿದವರಲ್ಲ. ಹಿರಿಯರಿಗೇ ಹೀಗೆ ಅಂದಮೇಲೆ ನಮ್ಮದೇನು ಅಂತ. ನಾನು ಗೆದ್ದಿದ್ದು ನಿಯಮ, ಕಳೆದುಕೊಂಡದ್ದು ಐದು ಜನ. ವಾಟ್ಸಾಪಿನಲ್ಲಿ ಇದು ಇನ್ನೂ ಅಪಾಯ. ಈಗ ಯಾರಾದರೂ ಗುಂಪು ಬಿಟ್ಟರೆ ಅಡ್ಮಿನ್‌ಗೆ ಬಿಟ್ಟು ಬೇರೆಯವರಿಗೆ ಸೂಚನೆಯೂ ಹೋಗಲ್ಲ.

ಹಾಗಾಗಿ ನಾಲ್ಕು ಜನರ ಮುಂದೆ ಯಾರನ್ನೂ ತಿದ್ದಬೇಡಿ. ಖಾಸಗಿಯಾಗಿ ಬರೆಯಿರಿ. ಇನ್ನೂ ಒಳ್ಳೇದು ಅಂದ್ರೆ ಫೋನ್ ಮಾಡಿ. ಮೊದಲು ಕ್ಷೇಮ ಸಮಾಚಾರ, ತೋಟ ಹೇಗಿದೆ, ಮಳೆ ಬಂತಾ. ಆಮೇಲೆ ವಿಷಯ. ನಾನು ಬರೆಯೋದು ಸಾಮಾನ್ಯವಾಗಿ ಹೀಗೆ: "ಅಣ್ಣಾ, ನೀವು ಹಾಕಿದ ವೀಡಿಯೋ ಚೆನ್ನಾಗಿದೆ, ನಮ್ಮಮ್ಮನೂ ನೋಡಿದ್ರು. ಅದನ್ನ ಮಂಡಕ್ಕಿ ಮಿರ್ಚಿಗೆ ಹಾಕಿದ್ರೆ ಇನ್ನೂ ಜಾಸ್ತಿ ಜನ ನೋಡ್ತಾರೆ. ಇಲ್ಲಿಂದ ನಾನು ತೆಗೀತಾ ಇದೀನಿ, ಬೇಜಾರಾಗಬೇಡಿ." ತೆಗೆಯುವ ಮೊದಲೇ ಇದು ಹೋಗಬೇಕು. ತೆಗೆದ ಮೇಲೆ ಹೋದರೆ ಅದೇ ಮಾತು ನೆಪದಂತೆ ಕೇಳಿಸುತ್ತದೆ.

ಎರಡನೇ ಸಲಕ್ಕೂ ಹೀಗೇ. ಮೂರನೇ ಸಲ ಕಾರಣ ಹೇಳಿ ಒಂದು ವಾರ ಹೊರಗಿಟ್ಟು ಮತ್ತೆ ಸೇರಿಸಿಕೊಳ್ಳಿ. ಮತ್ತೆ ಸೇರಿಸಿಕೊಳ್ಳುವ ದಿನವನ್ನು ಮೊದಲೇ ಹೇಳಿ, ಆ ದಿನ ಮರೆಯಬೇಡಿ.

ಶುಭೋದಯದ ವಿಷಯ ಬಾಕಿ ಇದೆ. ನಮ್ಮಲ್ಲಿ ಅದರ ಸರದಾರರು ನಿವೃತ್ತ ಮೇಷ್ಟ್ರೊಬ್ಬರು. ಎರಡು ಸಲ ಫೋನ್ ಮಾಡಿದೆ, "ಆಯ್ತಪ್ಪ" ಅಂದರು, ಮರುದಿನ ಐದೂವರೆಗೆ ಗುಲಾಬಿ ಹಾಜರ್. ಆಮೇಲೆ ಹೊಳೆಯಿತು, ಅವರಿಗೆ ಬೇಕಾದದ್ದು ಬೆಳಗ್ಗೆ ಎದ್ದು ನಾಲ್ಕು ಜನಕ್ಕೆ ಏನಾದರೂ ಹೇಳೋದು. ಒಂದು ಮಳೆಮಾಪಕ ತಂದು ಅವರ ತಾರಸಿ ಮೇಲೆ ಇಟ್ಟೆವು. ಈಗ ಮಳೆಗಾಲದಲ್ಲಿ ದಿನಾ "ಶುಭೋದಯ. ನಿನ್ನೆ 14 ಮಿಲಿಮೀಟರ್" ಅಂತ ಬರುತ್ತದೆ. ಅಕ್ಕಪಕ್ಕದ ಊರಿನವರು ಅದಕ್ಕೆ ಕಾಯುತ್ತಾರೆ. ಬೇಸಿಗೆಯಲ್ಲಿ ಮಾತ್ರ ಮತ್ತೆ ಗುಲಾಬಿ. ಅದಕ್ಕೆ ನನ್ನ ಹತ್ತಿರ ಇನ್ನೂ ಮದ್ದಿಲ್ಲ.

ಆರು: ಜಗಳ ಹತ್ತಿದಾಗ

1995ರ ಅಕ್ಟೋಬರ್‌ನಲ್ಲಿ ಇಂಟರ್‌ನೆಟ್ ನಡವಳಿಕೆಯ ಬಗ್ಗೆ ಆರ್‌ಎಫ್‌ಸಿ 1855 ಅನ್ನುವ ಕೈಪಿಡಿ ಬಂತು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದೇ ಆ ವರ್ಷದ ಆಗಸ್ಟ್ 15ರಂದು. ಕೋಪದಲ್ಲಿ ಬರೆದದ್ದನ್ನು ಒಂದು ರಾತ್ರಿ ಕಳೆಯುವವರೆಗೂ ಕಳಿಸಬೇಡಿ ಅಂತ ಆ ಕೈಪಿಡಿ ಹೇಳುತ್ತದೆ. ಜನ ತಾವಾಗಿ ಕಾಯಲ್ಲ, ಆ ರಾತ್ರಿಯನ್ನು ಅಡ್ಮಿನ್ ತಂದುಕೊಡಬೇಕು. ಹೇಗೆ? ಇಬ್ಬರು ಒಬ್ಬರಿಗೊಬ್ಬರು ಮೂರು ಉತ್ತರ ಕೊಟ್ಟುಕೊಂಡರು ಅಂದ ಕೂಡಲೇ ಗುಂಪಿಗೆ ಬೀಗ ಹಾಕಿ. "ಬೆಳಗ್ಗೆ ಏಳಕ್ಕೆ ತೆರೆಯುತ್ತೇವೆ" ಅಂತ ಒಂದೇ ಸಾಲು. ಯಾರು ಸರಿ, ಯಾರು ತಪ್ಪು ಅಂತ ಬರೆಯಬೇಡಿ. ರಾತ್ರಿಯೇ ಇಬ್ಬರಿಗೂ ಫೋನ್ ಮಾಡಿ. ಮೊದಲು ಯಾರಿಗೆ ಮಾಡಿದಿರಿ ಅಂತ ಇಬ್ಬರಿಗೂ ಹೇಳಬೇಡಿ.

ತಮಾಷೆ ಮಾಡಿದ್ದು ನಿಜ ಅಂತ ತಿಳಿದು ಹತ್ತುವ ಜಗಳಗಳೂ ಇವೆ. 1982ರಲ್ಲಿ ಸ್ಕಾಟ್ ಫಾಲ್ಮನ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಅಡ್ಡ ಮಲಗಿದ ನಗುಮುಖದ ಗುರುತು ಸೂಚಿಸಿದ್ದು ಇದೇ ಕಾರಣಕ್ಕೆ. ಗೆಳೆಯರ ಜೋಕು ಗಂಭೀರ ಮಾತಿನಂತೆ ಕಾಣುತ್ತಿತ್ತು. ನಮ್ಮ ಕಡೆಯ ಮಾತಂತೂ ಮುಖ ನೋಡದಿದ್ದರೆ ಬೈಗುಳದಂತೆಯೇ ಕೇಳುತ್ತದೆ, ಅಲ್ವಾ? ನಗು ಹಾಕಿ ಅಂತ ಹೇಳಿಕೊಡಿ.

ಏಳು: ಫಾರ್ವರ್ಡ್, ಜಾಹೀರಾತು, ಕಾನೂನು

ಎರಡು ಬಾಣದ ಗುರುತಿದ್ದರೆ ಅದು ತುಂಬ ಸಲ ಕೈ ಬದಲಾಯಿಸಿದ ಸಂದೇಶ. ನಮ್ಮಲ್ಲಿ ಅದು ಒಳ್ಳೇದೇ ಇರಲಿ, ತೆಗೆಯುತ್ತೇವೆ. ಬೇಕಾದರೆ ಸ್ವಂತ ಮಾತಲ್ಲಿ ಬರೆಯಲಿ. ಜಾಹೀರಾತಿಗೆ ವಾರಕ್ಕೊಂದು ದಿನ ಕೊಡಿ, ಸಂತೆ ದಿನ ಆದರೆ ನೆನಪಿರುತ್ತದೆ. ಸದಸ್ಯರು ಏನಾದರೂ ಹಾಕಿದ ಮಾತ್ರಕ್ಕೆ ಅಡ್ಮಿನ್ ಅಪರಾಧಿ ಆಗಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಹಾಗಂತ ದ್ವೇಷದ ವೀಡಿಯೋ ಕಂಡೂ ಸುಮ್ನಿರಬೇಡಿ, ತೆಗೆದುಬಿಡಿ.

ಎಂಟು: ವಾರದ ಗಂಟು

ಅರ್ಪಾನೆಟ್ ಕಾಲದಲ್ಲಿ ವಿಜ್ಞಾನ ಕಥೆಗಳ ಅಭಿಮಾನಿಗಳ ಪಟ್ಟಿಯೊಂದಿತ್ತು, ಎಸ್‌ಎಫ್-ಲವರ್ಸ್ ಅಂತ. ಸಂದೇಶಗಳನ್ನು ಬಿಡಿಬಿಡಿಯಾಗಿ ಕಳಿಸುವ ಬದಲು ಒಟ್ಟು ಕಟ್ಟಿ ಕಳಿಸುವ ಪದ್ಧತಿ ಅಲ್ಲಿತ್ತು. ನಾವೂ ಭಾನುವಾರ ಸಂಜೆ ಅದನ್ನೇ ಮಾಡುತ್ತೇವೆ. ವಾರದ ನಾಲ್ಕೈದು ಒಳ್ಳೇ ಪ್ರಶ್ನೆ, ಉತ್ತರ, ಹೇಳಿದವರ ಹೆಸರು, ಒಂದೇ ಸಂದೇಶದಲ್ಲಿ. ಗುಂಪನ್ನು ಮ್ಯೂಟ್ ಮಾಡಿಟ್ಟವರು ಇದೊಂದನ್ನು ಓದುತ್ತಾರೆ. ತಮ್ಮ ಹೆಸರು ಗಂಟಿನಲ್ಲಿ ಬರಲಿ ಅಂತ ಜನ ಉತ್ತರವನ್ನೂ ಸ್ವಲ್ಪ ನೋಡಿ ಬರೆಯುತ್ತಾರೆ. ಇದಕ್ಕೆ ನನಗೆ ಒಂದು ಗಂಟೆ ಹಿಡಿಯುತ್ತದೆ. ಇಡೀ ವಾರದ ಕೆಲಸದಲ್ಲಿ ಖುಷಿ ಕೊಡುವ ಗಂಟೆ ಇದೊಂದೇ.

ಕೊನೆಯದಾಗಿ, ಇವತ್ತೇ ಮಾಡಬೇಕಾದ ಎರಡು ಕೆಲಸ. ಇನ್ನಿಬ್ಬರನ್ನು ಅಡ್ಮಿನ್ ಮಾಡಿ, ಒಬ್ಬರು ಬೇರೆ ತಾಲೂಕಿನವರಿರಲಿ, ಸಾಧ್ಯವಾದರೆ ಒಬ್ಬ ಹೆಣ್ಣುಮಗಳೂ ಇರಲಿ. ನಮ್ಮಲ್ಲಿ ಅಕ್ಕನೊಬ್ಬರು ಅಡ್ಮಿನ್ ಆದಮೇಲೆ ಬೈಗುಳ ತಾನಾಗೇ ಕಡಿಮೆಯಾಯಿತು. ಎರಡನೆಯದು, ಮಾತುಕತೆಯನ್ನು ಎತ್ತಿಡೋದು. ಇ-ಮೇಲ್ ಪಟ್ಟಿಗಳನ್ನು ನಡೆಸಲು ಜಾಗ ಕೊಡುತ್ತಿದ್ದ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ಕ್ಕೆ ಮುಚ್ಚಿದಾಗ ಎಷ್ಟೋ ಹಳೇ ಪಟ್ಟಿಗಳ ಕೊನೆಯ ಮನೆಯೂ ಹೋಯಿತು. ನಮ್ಮ ಪಟ್ಟಿಯ ಎಂಟು ವರ್ಷದ ಮೇಲ್‌ಗಳನ್ನು ನಾನಂತೂ ಎಲ್ಲೂ ಎತ್ತಿಟ್ಟುಕೊಂಡಿರಲಿಲ್ಲ. ಸೋಮಾರಿತನ, ಬೇರೇನಲ್ಲ. ಆ ಹಿರಿಯರ ವಚನದ ವಿವರಣೆಗಳೂ ಅದರಲ್ಲೇ ಇದ್ದವು. ಗುಂಪು ತೆರೆದು ಮೂರು ಚುಕ್ಕಿ ಒತ್ತಿ, ಇನ್ನಷ್ಟು ಅನ್ನುವಲ್ಲಿ ಚಾಟ್ ಎಕ್ಸ್‌ಪೋರ್ಟ್ ಇರುತ್ತದೆ, ಫೋಟೋ ಬಿಟ್ಟು ಬರೀ ಮಾತು ಆರಿಸಿ, ನಿಮ್ಮ ಇ-ಮೇಲ್‌ಗೇ ಕಳಿಸಿಕೊಳ್ಳಿ. ತಿಂಗಳ ಮೊದಲ ದಿನ, ಪಿನ್ ಬದಲಿಸುವಾಗಲೇ ಇದನ್ನೂ ಮುಗಿಸಿಬಿಡಿ.